ದರ್ಜಿಗೊಂದು ಕಾರ್ಡು

ಎಲ್ಲಕ್ಕೂ ಕಾರಣ ನಾಲ್ಕು ಬೆರಳಿನಷ್ಟು ಬಿಚ್ಚಿಕೊಂಡ ಒಂದು ಹೊಲಿಗೆ. ಅದೂ ಎಲ್ಲಿ? ಗ್ರಂಥಪಾಲರೊಬ್ಬರ ಕಪ್ಪು ಪ್ಯಾಂಟಿನ ಹಿಂಬದಿಯಲ್ಲಿ, ಬಾಯಿಬಿಟ್ಟು ಹೇಳಲು ಸಂಕೋಚವಾಗುವಂಥ ಜಾಗದಲ್ಲಿ. ಬೆಳಿಗ್ಗೆ ಬಸ್ಸಿನಿಂದ ಇಳಿಯುವಾಗ ಮೆಟ್ಟಿಲು ಕೊಂಚ ಎತ್ತರವಿತ್ತು, ಅವರ ಕಾಲು ಕೊಂಚ ಹೆಚ್ಚೇ ಉದ್ದವಿತ್ತು, ಹೊಲಿಗೆ ಪರ್ ಎಂದಿತು. ಕೈಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡು, ಗೋಡೆಗೆ ಬೆನ್ನು ಕೊಟ್ಟು, ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಾ ಅವರು ಕಣ್ಣಿಗೆ ಬಿದ್ದ ಮೊದಲ ಟೈಲರ್ ಅಂಗಡಿಗೆ ನುಗ್ಗಿದರು. ಇನ್ನು ಹತ್ತು ಹೆಜ್ಜೆ ಮುಂದೆ ಹೋಗಿದ್ದರೆ ಇನ್ನೊಂದು ಅಂಗಡಿ ಸಿಗುತ್ತಿತ್ತು. ಹಣೆಬರಹ, ಇಲ್ಲಿಗೇ ಬಂದರು.

ಬೀದಿಯವರು ಅವರನ್ನು ಏಣಿ ಸಾಹೇಬರು ಎಂದು ಕರೆಯುತ್ತಿದ್ದರು. ಗ್ರಂಥಾಲಯದ ಮೇಲಿನ ಸಾಲಿನಿಂದ ಪುಸ್ತಕ ತೆಗೆಯಲು ಬೇರೆಯವರಿಗೆ ಏಣಿ ಬೇಕು, ಇವರಿಗೆ ಕೈ ಎತ್ತಿದರೆ ಸಾಕು. ‘ಸದ್ದು ಮಾಡಬೇಡಿ’ ಎಂಬ ಫಲಕದ ಕೆಳಗೆ ಇಪ್ಪತ್ತೆರಡು ವರ್ಷ ಕೂತು ಕೂತು ಅವರ ದನಿಯೇ ಪಿಸುಮಾತಾಗಿಬಿಟ್ಟಿತ್ತು.

“ಹತ್ತೂವರೆಗೆ ಲೈಬ್ರರಿ ಬಾಗಿಲು ತೆಗೀಬೇಕು. ಬೀಗದ ಕೈ ಇರೋದು ನನ್ನೊಬ್ಬನ ಹತ್ರ,” ಎಂದರು ಅವರು. “ಸ್ವಲ್ಪ ಬೇಗ ಆಗಬಹುದಾ?”

“ಹತ್ತು ನಿಮಿಷದ ಕೆಲಸ ಸಾರ್,” ಎಂದ ದರ್ಜಿ. “ಆ ಟ್ರಯಲ್ ರೂಮಿಗೆ ಹೋಗಿ ಬಿಚ್ಚಿ ಕೊಡಿ. ಕೊಟ್ಟ ಕೈ ಕೆಳಗಿಳಿಸೋದ್ರೊಳಗೆ ವಾಪಸ್ ಇಸ್ಕೊಳ್ತೀರಿ.”

ಪರದೆಯ ಮೇಲಿನಿಂದ ಪ್ಯಾಂಟು ಇಳಿದು ಬಂತು. ದರ್ಜಿ ಅದನ್ನು ಹೊಲಿಗೆ ಯಂತ್ರದ ಮೇಲೆ ಹರಡಿದ. ಹರಡಿದನೇ ಹೊರತು ಅವನ ಮನಸ್ಸು ಅಲ್ಲಿರಲಿಲ್ಲ. ಅದು ಗಡಿಯಾರದ ಮುಳ್ಳಿಗೆ ಅಂಟಿಕೊಂಡಿತ್ತು, ಏಕೆಂದರೆ ಹತ್ತಕ್ಕೆ ಸರಿಯಾಗಿ ಅವನ ಸಾಮ್ರಾಜ್ಯ ಶುರುವಾಗುವುದಿತ್ತು.

ವಿಷಯ ಇಷ್ಟು. ಅವನ ಫೋನಿನಲ್ಲಿ ‘ಆರು ನಿಮಿಷದ ನಾಗರಿಕತೆ’ ಎಂಬ ಆಟವಿತ್ತು. ಇಸ್ಪೀಟು ಎಂದೇ ಇಟ್ಟುಕೊಳ್ಳಿ, ಆದರೆ ರಾಜ ರಾಣಿಯರ ಬದಲು ಬೆಂಕಿ, ಬಿತ್ತನೆ, ಚಕ್ರ, ಸೇತುವೆ. ಎದುರಾಳಿ ಯಾವುದೋ ಊರಿನ ಯಾವುದೋ ಮೂಲೆಯಲ್ಲಿರುತ್ತಾನೆ. ಇಬ್ಬರ ಜನರೂ ಗುಹೆಯಿಂದ ಹೊರಡುತ್ತಾರೆ, ಯಾರ ಜನ ಮೊದಲು ರೈಲ್ವೆ ಸ್ಟೇಷನ್ ಕಟ್ಟುತ್ತಾರೋ ಅವರು ಗೆದ್ದಂತೆ. ಒಂದು ಸರದಿಗೆ ಇಪ್ಪತ್ತೇ ಸೆಕೆಂಡು. ಅಷ್ಟರಲ್ಲಿ ಕಾರ್ಡು ಇಡದಿದ್ದರೆ ಸರದಿ ಹೋಯಿತು. ಜೊತೆಗೆ ಎದುರಾಳಿ ನಿಮ್ಮ ಮೇಲೆ ಪ್ರವಾಹ ಬಿಡಬಹುದು, ಬರಗಾಲ ಬಿಡಬಹುದು, ಕಳ್ಳನನ್ನು ಕಳಿಸಿ ನಿಮ್ಮ ಚಕ್ರವನ್ನೇ ಹೊಡೆಸಬಹುದು. ಆರು ನಿಮಿಷದಲ್ಲಿ ಬೆವರು ಕಿತ್ತು ಬರುವಂಥ ಆಟ.

ದರ್ಜಿಗೆ ಅದರ ಹುಚ್ಚು ಹಿಡಿದು ಒಂದು ವರ್ಷವಾಗಿತ್ತು. ಹುಚ್ಚಿನ ಜೊತೆಗೆ ಒಂದು ನೋವೂ ಇತ್ತು. ಆ ಆಟದಲ್ಲಿ ಒಟ್ಟು ಇನ್ನೂರ ಹನ್ನೆರಡು ಕಾರ್ಡು. ಕುಂಬಾರನಿಗೆ ಕಾರ್ಡಿತ್ತು, ಕಮ್ಮಾರನಿಗಿತ್ತು, ಬಡಗಿಗೆ, ನೇಕಾರನಿಗೆ, ಜೇನು ಕೀಳುವವನಿಗೂ ಇತ್ತು. ಕಳ್ಳನಿಗಂತೂ ಎರಡಿದ್ದವು, ಒಂದು ನಡೆದು ಬರುವ ಕಳ್ಳ, ಇನ್ನೊಂದು ಕುದುರೆ ಮೇಲಿನ ಕಳ್ಳ. ದರ್ಜಿಗೆ ಮಾತ್ರ ಒಂದೂ ಇರಲಿಲ್ಲ. ನೇಕಾರ ನೇಯ್ದ ಬಟ್ಟೆಯನ್ನು ಆ ಜನ ಏನು ಮಾಡುತ್ತಿದ್ದರೋ ದೇವರೇ ಬಲ್ಲ. ಕಂಪನಿಗೆ ಮೂರು ಸಲ ಬರೆದರೂ ಉತ್ತರ ಬರಲಿಲ್ಲ. ಕೊನೆಗೆ ಈ ವಾರ ಒಂದು ಸ್ಪರ್ಧೆ ಘೋಷಿಸಿದರು: ಗೆದ್ದವರು ತಮಗಿಷ್ಟವಾದ ಒಂದು ಕಾರ್ಡನ್ನು ಆಟಕ್ಕೆ ಸೇರಿಸಬಹುದು. ದರ್ಜಿ ಗೆಲ್ಲುತ್ತಾ ಗೆಲ್ಲುತ್ತಾ ಕೊನೆಯ ಎಂಟು ಜನರಲ್ಲಿ ಬಂದು ನಿಂತಿದ್ದ. ಇವತ್ತು ಹತ್ತಕ್ಕೆ ಒಂದು ಪಂದ್ಯ, ಹನ್ನೆರಡೂವರೆಗೆ ಇನ್ನೊಂದು, ಮೂರೂವರೆಗೆ ಫೈನಲ್.

“ಆ ಕಾರ್ಡು ಸೇರಿದ್ರೆ ಏನು ಬರತ್ತೆ?” ಎಂದು ಮೂಲೆಯಲ್ಲಿ ಗುಂಡಿ ಹಾಕುತ್ತಾ ಕೂತಿದ್ದ ಹೆಂಡತಿ ಬೆಳಿಗ್ಗೆಯೇ ಕೇಳಿದ್ದಳು.

“ಬರೋದೇನಿಲ್ಲ ಕಣೇ. ಲಕ್ಷಾಂತರ ಜನ ಆಡ್ತಾರೆ. ದರ್ಜಿ ಅಂತ ಒಬ್ಬ ಇದ್ದಾನೆ ಅಂತ ಅವರಿಗೆಲ್ಲ ಗೊತ್ತಾಗತ್ತೆ.”

“ಈ ಬೀದಿಯವರಿಗೆ ಮೊದಲು ಗೊತ್ತಾಗ್ಲಿ,” ಎಂದು ಅವಳು ದಾರ ಕಚ್ಚಿ ತುಂಡು ಮಾಡಿದಳು. ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ.

ಹತ್ತು ಹೊಡೆಯಿತು. ಫೋನನ್ನು ದಾರದ ಉಂಡೆಗೆ ಒರಗಿಸಿ ನಿಲ್ಲಿಸಿಕೊಂಡ. ಎಡಗೈಯಲ್ಲಿ ಬಟ್ಟೆ, ಬಲಗೈಯಲ್ಲಿ ಆಟ, ಪಾದ ಮೋಟಾರಿನ ಪೆಡಲಿನ ಮೇಲೆ. ಎರಡು ಕೆಲಸವನ್ನೂ ಒಟ್ಟಿಗೆ ಮುಗಿಸಿಬಿಡುತ್ತೇನೆಂದು ಅವನ ಲೆಕ್ಕ. ಬೆಂಕಿ ಇಟ್ಟ, ಬಿತ್ತನೆ ಇಟ್ಟ, ಹೊಲಿಗೆಯೂ ನೆಟ್ಟಗೆ ಸಾಗುತ್ತಿತ್ತು. ಅಷ್ಟರಲ್ಲಿ ಎದುರಾಳಿ ಪ್ರವಾಹ ಬಿಟ್ಟ. ನೀರು ಉಕ್ಕಿ ಬರುವುದನ್ನು ನೋಡಿದ್ದೇ ತಡ, ಓಡಿ ತಪ್ಪಿಸಿಕೊಳ್ಳುವವನ ಹಾಗೆ ದರ್ಜಿಯ ಕಾಲು ಪೆಡಲನ್ನು ತಳ ಮುಟ್ಟುವವರೆಗೂ ಒತ್ತಿತು. ಯಂತ್ರ ಗುರ್ರೆಂದು ಓಡಿತು. ಅವನು ದೋಣಿ ಇಟ್ಟು, ಅಣೆಕಟ್ಟು ಕಟ್ಟಿ, ರೈಲ್ವೆ ಸ್ಟೇಷನ್ ಮುಟ್ಟಿ, ಎರಡೂ ಕೈ ಮೇಲೆತ್ತಿದ.

ಎತ್ತಿದ ಕೈ ಹಾಗೇ ನಿಂತವು. ಹಿಂಬದಿಯ ಹೊಲಿಗೆ ಬಹಳ ಚೆನ್ನಾಗಿ ಬಂದಿತ್ತು. ಅದು ಅಲ್ಲಿಗೇ ನಿಲ್ಲದೆ ಕೆಳಗಿಳಿದು, ಎರಡೂ ಕಾಲನ್ನು ಒಂದಕ್ಕೊಂದು ಸೇರಿಸಿಕೊಂಡು, ಹಿಮ್ಮಡಿಯವರೆಗೂ ಹೋಗಿತ್ತು. ಪ್ಯಾಂಟು ಹೋಗಿ ಗೋಣಿಚೀಲವಾಗಿತ್ತು.

“ಆಯ್ತಾ?” ಎಂದು ಪರದೆಯ ಹಿಂದಿನಿಂದ ಪಿಸುದನಿ ಬಂತು.

“ಆಗಿದೆ ಸಾರ್. ಸ್ವಲ್ಪ ಜಾಸ್ತಿ ಆಗಿದೆ. ಒಂದು ನಿಮಿಷ,” ಎಂದ ದರ್ಜಿ.

ಪಕ್ಕದ ಅಂಗಡಿಯ ವಾಚ್ ರಿಪೇರಿಯವನು ಆಗಲೇ ಬಾಗಿಲಲ್ಲಿದ್ದ. ಅವನ ಬಲಗಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ಊಟಕ್ಕೆ ಕೂತಾಗಲೂ ಕೆಳಗಿಳಿಯುತ್ತಿರಲಿಲ್ಲ. ಪ್ಯಾಂಟನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, “ಇದು ನಿನ್ನ ಕೈಯಲ್ಲಿ ಆಗೋ ಕೆಲಸ ಅಲ್ಲ ಮಾರಾಯ. ಕತ್ತರಿ ಹಾಕಿದ್ರೆ ಬಟ್ಟೆ ಹರಿಯತ್ತೆ. ನನ್ನ ಚಿಮಟಾ ಇದೆ, ಒಂದೊಂದೇ ಹೊಲಿಗೆ ಎತ್ತಿ ಕೊಡ್ತೀನಿ,” ಎಂದ.

ಅವನು ನುಡಿದಂತೆ ನಡೆದ. ಒಂದೊಂದೇ ಹೊಲಿಗೆ ಎತ್ತಿದ, ಎತ್ತಿದ್ದನ್ನು ಎಣಿಸಿದ, ಎಣಿಕೆ ತಪ್ಪಿದಾಗ ಮೊದಲಿಂದ ಎಣಿಸಿದ. ನಮ್ಮ ದರ್ಜಿ ಇಡೀ ಪೇಟೆಯಲ್ಲೇ ಒತ್ತು ಹೊಲಿಗೆಗೆ ಹೆಸರಾದವನು. ಹನ್ನೆರಡು ಗಂಟೆಯಾದರೂ ಕೆಲಸ ಮುಗಿಯಲಿಲ್ಲ.

ಅಷ್ಟರಲ್ಲಿ ಗ್ರಂಥಾಲಯದ ಓದುಗರು ಹುಡುಕಿಕೊಂಡು ಬಂದರು. ಮುಚ್ಚಿದ ಬಾಗಿಲ ಮುಂದೆ ಒಂದು ಗಂಟೆ ನಿಂತು ಕಾಲು ನೋವು ಬಂದ ಐದಾರು ಮಂದಿ ನಿವೃತ್ತರು. ಸಾಹೇಬರು ಟ್ರಯಲ್ ರೂಮಿನಲ್ಲಿದ್ದಾರೆ, ಪ್ಯಾಂಟು ಹೊರಗಿದೆ ಎಂದು ತಿಳಿದ ಮೇಲೆ ಅವರು ವಾಪಸ್ ಹೋಗಬೇಕಿತ್ತು. ಹೋಗಲಿಲ್ಲ. ಬೀಗದ ಕೈ ಇದ್ದ ಕಡೆಯೇ ನಮ್ಮ ಲೈಬ್ರರಿ ಎನ್ನುತ್ತಾ ಅಂಗಡಿಯ ಮೆಟ್ಟಿಲ ಮೇಲೆ ಪೇಪರು ಬಿಚ್ಚಿಕೊಂಡು ಕೂತರು.

“ಬೇರೆ ಯಾವ್ದಾದ್ರೂ ಪ್ಯಾಂಟು ಸಿಗಬಹುದಾ?” ಎಂದು ಸಾಹೇಬರು ಪರದೆಯ ಸಂದಿನಿಂದ ಮುಖವಷ್ಟನ್ನೇ ಹೊರಗೆ ಹಾಕಿ ಕೇಳಿದರು. “ಮನೆಗೆ ಹೇಳೋಣ ಅಂದ್ರೆ ಮನೇಲೂ ಯಾರೂ ಇಲ್ಲ.”

ದರ್ಜಿ ಹೆಂಡತಿಯ ಮುಖ ನೋಡಿದ. ಗೋಡೆಗೆ ಹೊಲಿದಿಟ್ಟ ಪ್ಯಾಂಟುಗಳು ಸಾಲಾಗಿ ತೂಗುತ್ತಿದ್ದವು. “ಅದಕ್ಕೆ ಕೈ ಹಾಕಬೇಡಿ,” ಎಂದಳು ಅವಳು. “ಒಬ್ಬರಿಗೆ ಹೊಲಿದಿದ್ದು ಇನ್ನೊಬ್ಬರ ಮೈ ಮುಟ್ಟಬಾರದು ಅಂತ ಮಾವನವರ ಕಾಲದಿಂದ ಈ ಅಂಗಡಿ ಮಾತು. ಬೇಕಿದ್ರೆ ನಿಮ್ಮದೇ ಬಿಚ್ಚಿ ಕೊಡಿ.”

ಅದನ್ನೂ ಯೋಚಿಸಿದರು. ಆದರೆ ದರ್ಜಿಯ ಪ್ಯಾಂಟಿನ ಸೊಂಟದೊಳಗೆ ಸಾಹೇಬರಂಥವರು ಇಬ್ಬರು ಆರಾಮಾಗಿ ನಿಲ್ಲಬಹುದಿತ್ತು, ಬೆಲ್ಟು ಬಿಗಿದರೂ ಅದು ನಿಲ್ಲುವ ಹಾಗಿರಲಿಲ್ಲ. ಸಾಹೇಬರು ತಲೆಯನ್ನು ಮೆಲ್ಲಗೆ ಒಳಗೆಳೆದುಕೊಂಡರು. ಕೋಪ ಮಾಡಿಕೊಳ್ಳದ ಆ ಸ್ವಭಾವ ಕಂಡು ದರ್ಜಿಗೆ ಅವರ ಮೇಲೆ ಅಭಿಮಾನವೇ ಉಕ್ಕಿತು.

ಹನ್ನೆರಡೂವರೆಗೆ ಐದು ನಿಮಿಷ ಇರುವಾಗ ವಾಚ್ ರಿಪೇರಿಯವನು ಕೊನೆಯ ಹೊಲಿಗೆ ಎತ್ತಿದ. ಈ ಸಲ ದರ್ಜಿ ಜಾಣನಾಗಿದ್ದ. ಯಂತ್ರದ ಹತ್ತಿರವೂ ಸುಳಿಯದೆ, ಬಿಚ್ಚಿದ ಜಾಗವನ್ನು ಕೈಯಲ್ಲೇ ನಾಲ್ಕು ಹೊಲಿಗೆ ಹಾಕಿ ಭದ್ರ ಮಾಡಿದ. ಇನ್ನು ಇಸ್ತ್ರಿಯೊಂದೇ ಬಾಕಿ. ಪ್ಯಾಂಟಿನ ಎರಡೂ ಕಾಲನ್ನು ಒಂದರ ಮೇಲೊಂದು ಇಟ್ಟು, ಮೊಣಕಾಲಿನ ಕೆಳಗೆ ಇಸ್ತ್ರಿ ಪೆಟ್ಟಿಗೆ ಇಟ್ಟ. ಆಟ ಶುರುವಾಯಿತು.

ಈ ಎದುರಾಳಿ ಬಹಳ ಚಾಲಾಕಿ. ಊರು ಹೆಚ್ಚಿದ್ದವರಿಗೆ ಹಳಿ ಬೇಗ ಸಿಗುತ್ತದೆ, ಆದರೆ ಯಾರ ಕೈಯಲ್ಲಿ ಎಷ್ಟು ಊರಿದೆ ಎಂಬ ಲೆಕ್ಕವನ್ನು ಆಟ ತೋರಿಸುವುದಿಲ್ಲ, ಆಡುವವರೇ ನೆನಪಿಟ್ಟುಕೊಳ್ಳಬೇಕು. ದರ್ಜಿ ತನ್ನ ತಲೆಗಿಂತ ಚಾಕ್ ಪೀಸನ್ನು ಹೆಚ್ಚು ನಂಬಿದವನು. ಕತ್ತರಿಸುವ ಮೇಜಿನ ಮೇಲೆ ಎಡಕ್ಕೆ ತನ್ನ ಊರು, ಬಲಕ್ಕೆ ಅವನ ಊರು ಎಂದು ಬರೆಯುತ್ತಾ ಹೋದ. ಹನ್ನೊಂದು, ಹದಿನೈದು. ಹದಿಮೂರು, ಹದಿನೆಂಟು. ಹದಿನಾಲ್ಕು, ಹತ್ತೊಂಬತ್ತು. ಐದು ಊರು ಹಿಂದಿದ್ದವನು ಕುದುರೆ ಮೇಲಿನ ಕಳ್ಳನನ್ನು ಕಳಿಸಿ ಎದುರಾಳಿಯ ಹಳಿಗಳನ್ನೇ ಕಿತ್ತು ತಂದು ತನ್ನ ಕಡೆ ಹಾಸಿಕೊಂಡ. ಮೆಟ್ಟಿಲ ಮೇಲಿನ ನಿವೃತ್ತರು ಪೇಪರು ಬಿಟ್ಟು ಎದ್ದು ನಿಂತರು. ಗೆಲುವು ಇವನದಾಯಿತು. ಫೈನಲ್ ತಲುಪಿದ ಸಂತೋಷಕ್ಕೆ ಅವನ ಕಣ್ಣಲ್ಲಿ ನೀರು ಬಂತು.

“ರೀ, ಅದು ಸಂತೋಷಕ್ಕಲ್ಲ, ಹೊಗೆಗೆ,” ಎಂದಳು ಹೆಂಡತಿ.

ಪೆಟ್ಟಿಗೆ ಎತ್ತಿ ನೋಡಿದರೆ ಬಿಸಿ ಕೆಳಗಿನ ಕಾಲಿಗೂ ಇಳಿದು, ಎರಡಕ್ಕೂ ಸಮನಾಗಿ, ದೋಣಿಯ ಆಕಾರದ ಒಂದೊಂದು ಕಂದು ಗುರುತು.

ಸುಟ್ಟ ವಾಸನೆಗೆ ಎದುರಿನ ಔಷಧಿ ಅಂಗಡಿಯ ಅಕ್ಕ ರಸ್ತೆ ದಾಟಿ ಬಂದರು. ಅವರ ಪಾಲಿಗೆ ಜಗತ್ತಿನ ಎಲ್ಲ ಕಷ್ಟಕ್ಕೂ ಒಂದಲ್ಲ ಒಂದು ಸೀಸೆಯಲ್ಲಿ ಮದ್ದಿರುತ್ತದೆ. ಗುರುತಿನ ಮೇಲೆ ಬೆರಳಾಡಿಸಿ, “ಮೇಲುಮೇಲಕ್ಕೆ ಸುಟ್ಟಿದೆ ಅಷ್ಟೇ. ಗಾಯ ತೊಳೆಯೋ ನೊರೆ ಔಷಧಿ ಹಾಕಿದ್ರೆ ಒಂದು ಚೂರೂ ಗುರುತಿರಲ್ಲ,” ಎಂದರು.

ಹಾಕಿದರು. ಬುಸಬುಸನೆ ನೊರೆ ಬಂತು. ಒರೆಸಿ ನೋಡಿದರೆ ನಿಜಕ್ಕೂ ಕಂದು ಗುರುತು ಹೋಗಿತ್ತು. ಅದರ ಹಿಂದೆಯೇ ಕಪ್ಪು ಬಣ್ಣವೂ ಹೋಗಿ, ಎರಡು ಬೆಳ್ಳನೆಯ ದೋಣಿಗಳು ಫಳಫಳ ಹೊಳೆಯುತ್ತಿದ್ದವು.

“ಗಾಯದ ಮೇಲೆ ಹೀಗಾಗಲ್ಲಪ್ಪ,” ಎಂದು ಅಕ್ಕ ಸೀಸೆಯ ಮುಚ್ಚಳ ತಿರುಗಿಸಿದರು. ಹಾಗೆಂದು ಹೊರಟೇನೂ ಹೋಗಲಿಲ್ಲ, ಬೆಂಚಿನ ಮೇಲೆ ಜಾಗ ಮಾಡಿಕೊಂಡು ಕೂತರು.

ಈಗ ಅಂಗಡಿಯಲ್ಲಿ ಸಭೆ ಸೇರಿತು, ಊಟದ ಹೊತ್ತು ಮೀರಿದರೂ ಮುಗಿಯಲಿಲ್ಲ. ಒಬ್ಬರು ಪೂರ್ತಿ ಪ್ಯಾಂಟನ್ನೇ ಬೆಳ್ಳಗೆ ಮಾಡಿಬಿಡಿ ಎಂದರು. ಇನ್ನೊಬ್ಬರು ಎರಡು ಜೇಬು ಹೊಲಿದು ಮುಚ್ಚಿ ಎಂದರು. ಕೊನೆಗೆ ವಾಚ್ ರಿಪೇರಿಯವನ ಮಾತು ಎಲ್ಲರಿಗೂ ಒಪ್ಪಿಗೆಯಾಯಿತು: ಗುರುತಿರುವುದು ಮೊಣಕಾಲಿನ ಕೆಳಗೆ ತಾನೇ, ಅಲ್ಲಿಗೇ ಕತ್ತರಿಸಿಬಿಟ್ಟರೆ ಗುರುತೂ ಇಲ್ಲ, ಚಿಂತೆಯೂ ಇಲ್ಲ.

“ಅರ್ಧ ಪ್ಯಾಂಟಾ?” ಎಂದಿತು ಪಿಸುದನಿ.

“ಈಗ ದೊಡ್ಡ ದೊಡ್ಡ ಆಫೀಸಿಗೂ ಅದನ್ನೇ ಹಾಕ್ಕೊಂಡು ಹೋಗ್ತಾರೆ ಸಾರ್. ಗಾಳಿ ಚೆನ್ನಾಗಿ ಆಡತ್ತೆ,” ಎಂದ ದರ್ಜಿ.

ಪರದೆಯ ಹಿಂದೆ ಸ್ಟೂಲು ಒಮ್ಮೆ ಕಿರುಗುಟ್ಟಿತು. ಆಮೇಲೆ, “ಸರಿ. ಬೇಗ,” ಎಂಬ ಉತ್ತರ ಬಂತು.

ದರ್ಜಿ ಪರದೆಯ ಸಂದಿನಿಂದ ಕೈ ಹಾಕಿ ಸಾಹೇಬರ ಕಾಲಿನ ಅಳತೆಯನ್ನು ಮೊಣಕಾಲಿನ ತನಕ ತೆಗೆದ. ಹತ್ತೊಂಬತ್ತು ಇಂಚು. ತೆಗೆದವನು ಮೇಜಿಗೆ ಬಂದ. ಆಗಲೇ ಮೂರು ಗಂಟೆ ಇಪ್ಪತ್ತೈದು ನಿಮಿಷ, ಫೋನು ಫೈನಲ್‌ಗೆ ಸಿದ್ಧರಾಗಿ ಎಂದು ಕೂಗಲು ಶುರು ಮಾಡಿತ್ತು. ಮೂವತ್ತು ವರ್ಷದ ಕಸುಬಿನಲ್ಲಿ ಅವನ ಅಭ್ಯಾಸ ಒಂದೇ. ಬಟ್ಟೆ ಮೇಜಿನ ಮೇಲೆ ಬಿತ್ತು ಎಂದರೆ ಕಣ್ಣು ಅಲ್ಲಿ ಬರೆದ ಅಂಕಿಯನ್ನು ಓದುತ್ತದೆ, ಕೈ ಕತ್ತರಿಸುತ್ತದೆ, ತಲೆಗೆ ಅಲ್ಲಿ ಕೆಲಸವಿಲ್ಲ. ಮೇಜಿನ ಎಡಕ್ಕೆ ಹದಿನಾಲ್ಕು ಎಂದಿತ್ತು, ಬಲಕ್ಕೆ ಹತ್ತೊಂಬತ್ತು ಎಂದಿತ್ತು. ಕತ್ತರಿ ಎಡಗಾಲಿಗೆ ಹದಿನಾಲ್ಕು ಇಂಚಿಗೆ ಬಿತ್ತು, ಬಲಗಾಲಿಗೆ ಹತ್ತೊಂಬತ್ತಕ್ಕೆ.

ಹೆಂಡತಿ ಎರಡೂ ಕಾಲನ್ನು ಜೋಡಿಸಿ ಹಿಡಿದು ನೋಡಿದಳು. ಮೇಜಿನ ಮೇಲಿನ ಅಂಕಿಯನ್ನೂ ನೋಡಿದಳು. “ನಿಮ್ಮ ಊರು ಹದಿನಾಲ್ಕು, ಅವನ ಊರು ಹತ್ತೊಂಬತ್ತು,” ಎಂದಳು. “ಸಾಹೇಬರ ಎರಡು ಕಾಲಿಗೂ ಸರಿಯಾಗಿ ಹಂಚಿದ್ದೀರಿ.”

ದರ್ಜಿಯ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ಅದೇ ಕ್ಷಣಕ್ಕೆ ಪರದೆಯ ಬಳೆಗಳು ಗಲಗಲ ಎಂದವು. ಏಣಿ ಸಾಹೇಬರು ಟ್ರಯಲ್ ರೂಮಿನ ಪರದೆಯನ್ನೇ ಕಳಚಿ, ಸೊಂಟಕ್ಕೆ ಸುತ್ತಿಕೊಂಡು, ಒಂದು ಕೈಯಲ್ಲಿ ಅದರ ಗಂಟು ಹಿಡಿದು ಹೊರಗೆ ಬಂದಿದ್ದರು. ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕೆಳಗೆ ಹೂವಿನ ಪರದೆ. ನಿವೃತ್ತರೆಲ್ಲ ಗೌರವದಿಂದ ಎದ್ದು ಜಾಗ ಬಿಟ್ಟರು.

“ಸಾರ್, ಬೈದುಬಿಡಿ,” ಎಂದ ದರ್ಜಿ.

ಸಾಹೇಬರು ಬೈಯಲಿಲ್ಲ. ಪ್ಯಾಂಟನ್ನು ಒಮ್ಮೆ ನೋಡಿದರು, ಫೋನನ್ನು ಒಮ್ಮೆ ನೋಡಿದರು. “ಈ ಆಟದಲ್ಲಿ ಗೆದ್ರೆ?” ಎಂದು ಕೇಳಿದರು.

“ಗೆದ್ರೆ ಇಲ್ಲಿಗೆ ಮುಗೀತು ಸಾರ್.”

“ಸೋತ್ರೆ?”

“ಸೋತವರಿಗೆ ಸಮಾಧಾನದ ಪಂದ್ಯ ಇದೆ. ಐದಕ್ಕೊಂದು, ಏಳಕ್ಕೊಂದು.”

ಸಾಹೇಬರು ಪರದೆಯ ಗಂಟು ಬಿಗಿ ಮಾಡಿಕೊಂಡು ಸ್ಟೂಲನ್ನು ದರ್ಜಿಯ ಪಕ್ಕಕ್ಕೇ ಎಳೆದು ಕೂತರು.

ಫೈನಲ್‌ನ ಎದುರಾಳಿಯ ಹೆಸರು ಗುಡುಗು. ಹೆಸರಿಗೆ ತಕ್ಕಂತೆ ಆಡುವವನು. ದರ್ಜಿ ಬೆಂಕಿ ಇಡುವಷ್ಟರಲ್ಲಿ ಅವನು ಕುದುರೆ ಪಳಗಿಸಿದ್ದ. ದರ್ಜಿ ಬಿತ್ತನೆ ಇಟ್ಟ ಕೂಡಲೇ ಅವನು ಬರಗಾಲ ಬಿಟ್ಟ. ಸ್ಕ್ರೀನಿನ ಮೇಲೆ ಪೈರು ಒಣಗುತ್ತಾ ಬಂತು. ಅಂಗಡಿಯಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. “ಬಾವಿ ತೋಡು,” ಎಂದು ಒಬ್ಬರು. “ದಂಡೆತ್ತಿ ಹೋಗು, ಹೆದರ್ಕೋಬೇಡ,” ಎಂದರು ಔಷಧಿ ಅಕ್ಕ. ವಾಚ್ ರಿಪೇರಿಯವನು ಕೈಯಲ್ಲೊಂದು ಗಡಿಯಾರ ಹಿಡಿದು, “ಹನ್ನೊಂದು, ಹತ್ತು, ಒಂಬತ್ತು,” ಎಂದು ಸೆಕೆಂಡು ಎಣಿಸುತ್ತಾ ಎಲ್ಲರ ಜೀವ ಹಿಂಡುತ್ತಿದ್ದ.

“ಉಗ್ರಾಣ,” ಎಂದಿತು ಒಂದು ಪಿಸುದನಿ.

ದರ್ಜಿ ತಿರುಗಿ ನೋಡಿದ.

“ಮೊದಲು ಉಗ್ರಾಣ ಕಟ್ಟಿ. ಕೂಡಿಟ್ಟ ಕಾಳಿದ್ರೆ ಬರಗಾಲ ಏನೂ ಮಾಡಲ್ಲ. ಹಳೇ ರಾಜ್ಯಗಳೆಲ್ಲ ಉಳಿದಿದ್ದು ಹಾಗೇ,” ಎಂದರು ಸಾಹೇಬರು.

ಉಗ್ರಾಣ ಬಿತ್ತು, ಪೈರು ಹಸಿರಾಯಿತು. ಮೆಟ್ಟಿಲ ಮೇಲಿನಿಂದ ಚಪ್ಪಾಳೆ ಬಂತು. ಇಪ್ಪತ್ತೆರಡು ವರ್ಷ ಯಾರೂ ಮುಟ್ಟದ ಚರಿತ್ರೆಯ ಪುಸ್ತಕಗಳನ್ನು ಧೂಳು ಒರೆಸುತ್ತಾ ಓದಿದ್ದ ಮನುಷ್ಯ ಅವರು. ಯಾವಾಗ ಸೇತುವೆ ಕಟ್ಟಬೇಕು, ಯಾವಾಗ ನೆರೆಯವನೊಂದಿಗೆ ಮದುವೆ ಸಂಬಂಧ ಬೆಳೆಸಬೇಕು, ಎಲ್ಲವೂ ಅವರಿಗೆ ಅಂಗೈ ಮೇಲಿನ ನೆಲ್ಲಿಕಾಯಿ. ಅವರು ಪಿಸುಗುಟ್ಟುವುದು, ದರ್ಜಿ ಕಾರ್ಡು ಒಗೆಯುವುದು. ದರ್ಜಿಯ ಮೈಯಲ್ಲಿ ಮಿಂಚು ಹರಿಯುತ್ತಿತ್ತು. ಇಂಥ ಆಟವನ್ನು ಅವನು ಜನ್ಮದಲ್ಲಿ ಆಡಿರಲಿಲ್ಲ.

ಆದರೆ ಗುಡುಗು ಬಿಡುವವನಲ್ಲ. ಐದನೇ ನಿಮಿಷದಲ್ಲಿ ಒಂದರ ಮೇಲೊಂದು ಪ್ರವಾಹ ಬಿಟ್ಟು ಸೇತುವೆ ಕೊಚ್ಚಿಸಿದ. ಕಳ್ಳನನ್ನು ಕಳಿಸಿ ಚಕ್ರ ಹೊಡೆಸಿದ. ತನ್ನ ಹಳಿಗಳನ್ನೆಲ್ಲ ಹಾಸಿ ಮುಗಿಸಿದ. ಇನ್ನೊಂದು ಸರದಿ ಸಿಕ್ಕರೆ ಅವನ ಸ್ಟೇಷನ್ ಎದ್ದು ನಿಲ್ಲುತ್ತದೆ. ದರ್ಜಿಯ ಕೈಯಲ್ಲಿ ಉಳಿದಿದ್ದು ಎರಡೇ ಕಾರ್ಡು, ಗೋಡೆ ಮತ್ತು ಗ್ರಂಥಾಲಯ.

“ಗೋಡೆ, ಗೋಡೆ,” ಎಂದು ಅಂಗಡಿಗೆ ಅಂಗಡಿಯೇ ಕೂಗಿತು. ಹೆಂಡತಿಯೂ ಸೂಜಿ ಬಿಟ್ಟು ಎದ್ದು ಬಂದು, “ಗೋಡೆ ಇಡಿ ಅಂದ್ರೆ,” ಎಂದು ಅವನ ಭುಜ ಅಲ್ಲಾಡಿಸಿದಳು.

“ಗ್ರಂಥಾಲಯ,” ಎಂದರು ಸಾಹೇಬರು.

“ಸಾರ್, ಅದು ಬೇಡದ ಕಾರ್ಡು. ಈ ಆಟದಲ್ಲಿ ಯಾರೂ ಅದನ್ನ ಮೂಸೂ ನೋಡಲ್ಲ.”

“ನನಗೆ ಗೊತ್ತು. ಅದೇ ನನ್ನ ಕೆಲಸ. ಇಡಿ.”

“ನಾಲ್ಕು, ಮೂರು,” ಎಂದ ವಾಚ್ ರಿಪೇರಿಯವನು.

ದರ್ಜಿ ಕಣ್ಣು ಮುಚ್ಚಿ ಗ್ರಂಥಾಲಯ ಇಟ್ಟ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಸ್ಕ್ರೀನಿನ ಮೇಲೆ ಒಂದು ಕಿಟಕಿಯಲ್ಲಿ ದೀಪ ಹತ್ತಿತು. ಬರೆದಿಟ್ಟ ವಿದ್ಯೆ ಕಳೆದುಹೋಗುವುದಿಲ್ಲ ಎಂಬ ಸಾಲು ಮೂಡಿತು. ಅದರ ಹಿಂದೆ ಚಕ್ರ ಉರುಳಿಕೊಂಡು ವಾಪಸ್ ಬಂತು, ಸೇತುವೆ ಎದ್ದಿತು, ಕಮ್ಮಾರ ಬಂದ, ಹಳಿ ಬಂತು, ಈ ಆಟದಲ್ಲಿ ಕಳೆದುಕೊಂಡದ್ದೆಲ್ಲ ಸಾಲುಗಟ್ಟಿ ಬಂದು ಕೂತು, ಒಂದರ ಪಕ್ಕ ಒಂದು ಜೋಡಿಸಿಕೊಂಡು ರೈಲ್ವೆ ಸ್ಟೇಷನ್ ಆಗಿ ನಿಂತಿತು. ಗಂಟೆ ಬಾರಿಸಿತು. ರೈಲು ಸಿಳ್ಳೆ ಹಾಕಿತು.

ಅಂಗಡಿಯಲ್ಲಿ ಎದ್ದ ಗದ್ದಲಕ್ಕೆ ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ನಿವೃತ್ತರು ಪೇಪರು ಗಾಳಿಗೆ ತೂರಿದರು. ವಾಚ್ ರಿಪೇರಿಯವನ ಕಣ್ಣಿನಿಂದ ಭೂತಗನ್ನಡಿ ಕಳಚಿ ಬಿತ್ತು. ಹೆಂಡತಿ ನಗುತ್ತಿದ್ದಳು. ಮದುವೆಯಾದ ಮೇಲೆ ತನ್ನನ್ನು ನೋಡಿ ಅವಳು ಹೀಗೆ ನಕ್ಕಿದ್ದು ದರ್ಜಿಗೆ ನೆನಪಿರಲಿಲ್ಲ. ಅವನು ಸಾಹೇಬರ ಎರಡೂ ಕೈ ಹಿಡಿಯಲು ಹೋದ. ಒಂದು ಕೈ ಪರದೆಯ ಗಂಟಿನ ಮೇಲಿದ್ದುದರಿಂದ ಇನ್ನೊಂದನ್ನೇ ಹಿಡಿದ.

“ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ ಸಾರ್.”

“ಪ್ಯಾಂಟು,” ಎಂದರು ಸಾಹೇಬರು.

“ಒಂದೇ ನಿಮಿಷ ಸಾರ್. ಕಾರ್ಡು ಬರೆದು ಕಳಿಸಿಬಿಟ್ರೆ ಆಯ್ತು.”

ಸ್ಕ್ರೀನಿನ ಮೇಲೆ ಕಂಪನಿಯ ಅಭಿನಂದನೆ ಬಂದಿತ್ತು. ಹೊಸ ಕಾರ್ಡಿನ ಹೆಸರೇನು ಎಂದು ಕೇಳಿತು. ದರ್ಜಿ ಒಂದೊಂದೇ ಅಕ್ಷರ ಒತ್ತಿ ‘ದರ್ಜಿ’ ಎಂದು ಬರೆದ. ಚಿತ್ರ ಕೇಳಿತು. ವಾಚ್ ರಿಪೇರಿಯವನು ಫೋನು ಹಿಡಿದ, ನಮ್ಮವನು ಕೊರಳಿಗೆ ಟೇಪು ಹಾಕಿಕೊಂಡು, ಕತ್ತರಿ ಹಿಡಿದು, ಎದೆಯುಬ್ಬಿಸಿ ನಕ್ಕ. ಮೂರನೆಯದಾಗಿ ಕಾರ್ಡಿನ ಶಕ್ತಿಯೇನು ಎಂದು ಕೇಳಿತು. ಅದರ ಕೆಳಗೆ ಒಂದು ಸೂಚನೆಯಿತ್ತು: ಗೆದ್ದವರು ತಮ್ಮ ಕಸುಬನ್ನು ತಾವೇ ಹೊಗಳಿಕೊಳ್ಳುವಂತಿಲ್ಲ, ನಿಮ್ಮ ಕೆಲಸವನ್ನು ಇಂದು ಕಣ್ಣಾರೆ ಕಂಡವರೊಬ್ಬರ ಕೈಗೆ ಫೋನು ಕೊಡಿ, ಅರವತ್ತು ಸೆಕೆಂಡಿನಲ್ಲಿ ಅವರು ಬರೆಯಲಿ.

ಹೆಂಡತಿ ಕೈ ಚಾಚಿದಳು. ದರ್ಜಿ ಫೋನನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ. ಇವಳಿಗೆ ಕೊಟ್ಟರೆ ಮುಗಿಯಿತು, ಇರುವುದೆಲ್ಲ ಬರೆದುಬಿಡುತ್ತಾಳೆ. ವಾಚ್ ರಿಪೇರಿಯವನಿಗೆ ಎರಡು ವಾಕ್ಯ ನೆಟ್ಟಗೆ ಬರೆಯಲು ಬರದು. ಔಷಧಿ ಅಕ್ಕ ಬರೆದರೆ ಯಾರಿಗೂ ಓದಲು ಬರದು. ಆಗ ಅವನ ಕಣ್ಣು ಸಾಹೇಬರ ಮೇಲೆ ಬಿತ್ತು. ಓದಿದವರು, ಒಂದು ಕೆಟ್ಟ ಮಾತಾಡದವರು, ಈಗ ತಾನೇ ಗೆಲ್ಲಿಸಿ ಕೊಟ್ಟವರು. ಇವರಿಗಿಂತ ಬೇಕೇ?

“ನೀವೇ ಬರೀರಿ ಸಾರ್,” ಎಂದು ಎರಡೂ ಕೈಯಲ್ಲಿ ಫೋನು ಒಪ್ಪಿಸಿದ. “ನನ್ನ ಕೆಲಸ ಪೂರ್ತಿ ನೋಡಿದ ಗಿರಾಕಿ ಇವತ್ತು ನೀವೊಬ್ಬರೇ.”

“ಕಂಡಿದ್ದನ್ನೇ ಬರೀಲಾ?”

“ಒಂದಕ್ಷರ ಹೆಚ್ಚೂ ಬೇಡ, ಕಡಿಮೆಯೂ ಬೇಡ ಸಾರ್.”

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. ಒಂದೇ ಬೆರಳಿನಲ್ಲಿ, ಆತುರವಿಲ್ಲದೆ ಬರೆದರು. ಅಲ್ಲೊಂದು ಅಲ್ಪವಿರಾಮ ಬಿಟ್ಟುಹೋಗಿದ್ದನ್ನು ವಾಪಸ್ ಹೋಗಿ ಹಾಕಿದರು. ಐವತ್ತೆರಡನೇ ಸೆಕೆಂಡಿಗೆ ಕಳುಹಿಸುವ ಗುಂಡಿ ಒತ್ತಿ, ಫೋನನ್ನು ದರ್ಜಿಗೆ ಕೊಟ್ಟರು. ಆಮೇಲೆ ಮೇಜಿನ ಮೇಲಿದ್ದ ಗಿಡ್ಡ ಕಾಲು ಉದ್ದ ಕಾಲಿನ ತಮ್ಮ ಪ್ಯಾಂಟನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಹೂವಿನ ಪರದೆಯಲ್ಲೇ ಮೆಟ್ಟಿಲಿಳಿದರು. ಬೀಗದ ಕೈ ಹೊರಟಿತೆಂದು ನಿವೃತ್ತರೂ ಹಿಂದೆಯೇ ಹೊರಟರು.

ಹೊಸ ಕಾರ್ಡು ಸ್ಕ್ರೀನಿನ ಮೇಲೆ ಬಂಗಾರದ ಚೌಕಟ್ಟಿನಲ್ಲಿ ತೆರೆದುಕೊಂಡಿತು. ಮೇಲೆ ನಗುವ ದರ್ಜಿಯ ಚಿತ್ರ. ಕೆಳಗಿನ ಬರಹವನ್ನು ಹೆಂಡತಿ ಅವನ ಭುಜದ ಮೇಲಿನಿಂದ ಬಗ್ಗಿ ಗಟ್ಟಿಯಾಗಿ ಓದಿದಳು:

“ದರ್ಜಿ. ಈ ಕಾರ್ಡು ಯಾರ ಕೈಯಲ್ಲಿರುತ್ತದೋ, ಅವರ ಜನ ಬಟ್ಟೆಯನ್ನು ಕಂಡುಹಿಡಿಯುವುದಕ್ಕಿಂತ ಮೊದಲಿನ ಕಾಲಕ್ಕೆ ಹಿಂದಿರುಗುತ್ತಾರೆ.”

ದರ್ಜಿ ಸ್ಕ್ರೀನನ್ನು ಅಂಗಿಯ ತುದಿಯಿಂದ ಒರೆಸಿ ಮತ್ತೊಮ್ಮೆ ಓದಿದ. ಕೆಳಗೆ ಕಂಪನಿಯವರ ಇನ್ನೊಂದು ಸಾಲು ಮಿನುಗುತ್ತಿತ್ತು: ವಿಜೇತರ ಗೌರವಾರ್ಥವಾಗಿ, ಇನ್ನು ಮುಂದೆ ಅವರು ಆಡುವ ಪ್ರತಿಯೊಂದು ಆಟದಲ್ಲೂ ಈ ಕಾರ್ಡು ಮೊದಲು ಅವರ ಕೈಗೇ ಬರುತ್ತದೆ, ಇದನ್ನು ಬಿಸಾಡಲು ಬರುವುದಿಲ್ಲ. ಸನ್ಮಾನದ ಪಂದ್ಯ ಈಗ ಆರಂಭ.

ಗುಹೆಯಿಂದ ಅವನ ಜನ ಹೊರಗೆ ಬಂದರು. ಕಾರ್ಡು ತಾನಾಗಿಯೇ ಅವನ ಕೈಗೆ ಬಂದು ಕೂತಿತು. ಅವರೆಲ್ಲ ಉಟ್ಟಿದ್ದನ್ನು ಕಳಚಿ ಬಾಗಿಲ ಬಳಿ ಗುಡ್ಡೆ ಹಾಕಿ, ಒಬ್ಬರ ಹಿಂದೆ ಒಬ್ಬರು ಮತ್ತೆ ಗುಹೆಯೊಳಗೆ ಹೋಗಿಬಿಟ್ಟರು.

“ಇಪ್ಪತ್ತು, ಹತ್ತೊಂಬತ್ತು,” ಎಂದು ವಾಚ್ ರಿಪೇರಿಯವನು ಎಣಿಸಲು ಶುರು ಮಾಡಿದ.